ಎಡಕ್ಕೆ ತಿರುಗಿದರೆ ಟಕ್ ಟಕ್

ಬಾಗಲಕೋಟೆಯ ನವನಗರದ ಆ ಓಣಿಯಲ್ಲಿ ಯಾರ ಗಾಡಿ ಕೆಮ್ಮಿದರೂ ಅದು ಮೊದಲು ಹೋಗುತ್ತಿದ್ದದ್ದು ಗ್ಯಾರೇಜಿಗಲ್ಲ, ಸತ್ಯಬೋಧ ಮಾಸ್ತರರ ಮನೆಯ ಮುಂದಕ್ಕೆ. ಹಾಗೆಂದು ಮಾಸ್ತರರಿಗೆ ರಿಪೇರಿ ಬರುತ್ತಿತ್ತೆಂದು ಯಾರೂ ತಿಳಿಯಬಾರದು. ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. ಚಾಲುಕ್ಯರ ಯಾವ ಅರಸ ಯಾರನ್ನು ಎಲ್ಲಿ ಸೋಲಿಸಿದ ಎಂಬುದು ಅವರಿಗೆ ಬಾಯಿಪಾಠವಿತ್ತೇ ಹೊರತು ಯಾವ ನಟ್ಟು ಎಲ್ಲಿ ಕೂಡುತ್ತದೆ ಎಂಬುದು ತಿಳಿದಿರಲಿಲ್ಲ. ಆದರೆ ಅವರಿಗೆ ಕಿವಿ ಇತ್ತು. ಒಮ್ಮೆ ಎದುರು ಮನೆಯವರ ಬೈಕಿನ ಸಪ್ಪಳ ಕೇಳಿ, ಬಾಯಿಗೆ ಬಂದದ್ದನ್ನು, "ಚೈನ್ ಸಡ್ಲ ಆಗೇದ ನೋಡ್ರಿ" ಎಂದುಬಿಟ್ಟಿದ್ದರು. ಅದು ಖರೆಯಾಗಿತ್ತು. ಅಂದಿನಿಂದ ಮಾಸ್ತರರ ಕಿವಿಯ ಕೀರ್ತಿ ಹಬ್ಬಿತು. ಆಮೇಲೆ ಅವರು ಹೇಳಿದ್ದು ಒಂದೂ ಖರೆಯಾಗಲಿಲ್ಲ, ಆದರೆ ಹಬ್ಬಿದ ಕೀರ್ತಿ ಅಷ್ಟು ಸುಲಭವಾಗಿ ಇಳಿಯುವಂಥದ್ದಲ್ಲ.

"ಗಾಡಿ ಕಣ್ಣಿಂದ ಹೊಡಿಯೂದಲ್ರಿ, ಕಿವಿಯಿಂದ ಹೊಡಿಯೂದು" ಎಂದು ಮಾಸ್ತರರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಒಂದು ಬುಧವಾರ ಸಂಜೆ ಈ ಮಾತನ್ನು ಅವರು ಅಕ್ಷರಶಃ ಪಾಲಿಸಿದರು. ಸಾಲೆಯಿಂದ ತಮ್ಮ ಬಿಳಿ ಕಾರಿನಲ್ಲಿ ಬರುತ್ತಿದ್ದರು. ಮುಂದೊಂದು ಬೈಕು ವಿಚಿತ್ರವಾಗಿ ಗೊರಗೊರ ಎನ್ನುತ್ತ ಹೋಗುತ್ತಿತ್ತು. ಇದು ಸೈಲೆನ್ಸರೋ, ಇಂಜಿನ್ನಿನ ಒಳಗಿನದೋ ಎಂದು ನಿರ್ಧರಿಸಲು ಮಾಸ್ತರರು ಕಿಟಕಿಯಿಂದ ಕಿವಿಯನ್ನು ಹೊರಗೆ ಚಾಚಿ, ಕಣ್ಣು ಮುಚ್ಚಿ ಆಲಿಸಿದರು. ಅಷ್ಟರಲ್ಲಿ ರಸ್ತೆ ತಿರುಗಿತು. ರಸ್ತೆ ತಿರುಗಿದಷ್ಟು ಕಾರು ತಿರುಗಲಿಲ್ಲವೋ, ಅದಕ್ಕಿಂತ ಹೆಚ್ಚು ತಿರುಗಿತೋ, ಒಟ್ಟಿನಲ್ಲಿ ಮುಂದಿನ ಎಡಗಾಲಿ ಮೂಲೆಯ ಅಂಚುಗಲ್ಲಿನ ಮೇಲೆ ಹತ್ತಿ, ಒಂದು ಕ್ಷಣ ವಿಚಾರ ಮಾಡಿ, ಧಡಕ್ಕನೆ ಕೆಳಗಿಳಿಯಿತು.

ಮಾಸ್ತರರು ಇಳಿದು ನೋಡಿದರು. ಕಲ್ಲಿನ ತುದಿಯಿಂದ ಮುಷ್ಟಿಯಷ್ಟು ಚೂರು ಹಾರಿ ಬಿದ್ದಿತ್ತು. ಕಲ್ಲಿನ ಮೈಮೇಲೆ ಟೈರಿನ ಕರಿ ಗುರುತು. ಅಂದು ಕ್ರಿಕೆಟ್ ಫೈನಲ್ ಇದ್ದುದರಿಂದ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಒಂದು ನಾಯಿ ಮಾತ್ರ ಇತ್ತು. ಅದು ಯಾರಿಗೂ ಹೇಳಲಾರದು ಎಂಬ ಭರವಸೆಯಿಂದ ಮಾಸ್ತರರು ಕಾರು ಹತ್ತಿ, ಮನೆಗೆ ಹೋಗಿ, ಕೈಕಾಲು ತೊಳೆದು, ಸಂಧ್ಯಾವಂದನೆಗೆ ಕುಳಿತರು. ಅಂದಿನ ಜಪ ಎಂದಿಗಿಂತ ಉದ್ದವಾಯಿತು.

ಬೇರೆ ಯಾವ ಕಲ್ಲಾಗಿದ್ದರೂ ಚಿಂತೆಯಿರಲಿಲ್ಲ. ಆದರೆ ಅದು ಅಮಾತೆಪ್ಪನವರ ಕಲ್ಲು.

ಅಮಾತೆಪ್ಪನವರು ಪಕ್ಕದ ಮನೆಯವರು, ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಆ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಒಂದು ಬೆಂಚು ಇದೆ. ಸಂಜೆಯಾದರೆ ಓಣಿಯ ಹಿರಿಯರೆಲ್ಲ ಅಲ್ಲಿ ಕೂಡುತ್ತಾರೆ. ಅಲ್ಲಿ ಗಾಡಿಗಳು ನುಗ್ಗಬಾರದೆಂದು ಅಮಾತೆಪ್ಪನವರು ಕಚೇರಿಯಿಂದ ಕಚೇರಿಗೆ ತಿರುಗಿ, ಚಪ್ಪಲಿ ಸವೆಸಿ, ಕೊನೆಗೆ ಇಳಕಲ್ಲಿನ ಕೆಂಪು ಕಲ್ಲಿನ ಗೇಣೆತ್ತರದ ಅಂಚು ಕಟ್ಟಿಸಿದ್ದರು. ಕೆಲಸದಲ್ಲಿದ್ದಾಗ ಎಷ್ಟೋ ಕಾಲುವೆಗಳ ಕಡತ ನೋಡಿದ್ದರೂ, ತಮ್ಮ ಮಾತಿನಿಂದ ಭೂಮಿಯ ಮೇಲೆ ಎದ್ದು ನಿಂತದ್ದು ಇದೊಂದೇ ಎಂದು ಅವರಿಗೆ ಅಭಿಮಾನ. ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಬಂದು ಆ ಕಲ್ಲುಗಳ ಉದ್ದಕ್ಕೂ ಒಂದು ಸಲ ನಡೆದುಹೋಗುತ್ತಿದ್ದರು. ಆಮೇಲೆ ಮಾಸ್ತರರ ಜೊತೆ ಬೆಂಚಿನ ಮೇಲೆ ಕೂತು ಚಹಾ. ಎಷ್ಟೋ ವರ್ಷಗಳಿಂದ ನಡೆದುಬಂದ ಈ ಚಹಾದಲ್ಲಿ ಮಾಸ್ತರರಿಗೆ ಹೆಂಡತಿಯ ಚಹಾದಲ್ಲಿ ಸಿಗದ ಏನೋ ಒಂದು ಸುಖ ಸಿಗುತ್ತಿತ್ತು. ಈಗ ಆ ಚಹಾದ ಬಟ್ಟಲೇ ಕೈಯಿಂದ ಜಾರುವ ಹೊತ್ತು.

ಮರುದಿನ ಮುಂಜಾನೆ ಮಾಸ್ತರರು ಹೊರಗೆ ಬಂದಾಗ ಅಮಾತೆಪ್ಪನವರು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಒಡೆದ ಚೂರು.

"ಸರ, ಇಲ್ಲಿ ಬರ್ರಿ. ಯಾರೋ ಗಾಡಿ ಹತ್ತಿಸ್ಯಾರ್ರಿ."

"ಯಾರು?" ಎಂದರು ಮಾಸ್ತರರು. ಆ ಒಂದು ಶಬ್ದದಲ್ಲಿ ಅವರು ಹಾಕಬಹುದಾದಷ್ಟು ಮುಗ್ಧತೆಯನ್ನು ಹಾಕಿದ್ದರು.

"ಅದನ್ನಽ ಹುಡುಕಬೇಕ್ರಿ. ಸಿಗಲಿ ಅಂವಾ. ಒಂದ್ ಸಲ ನನ್ನ ಕೈಯಾಗ ಸಿಗಲಿ."

ಸಿಕ್ಕ ಮೇಲೆ ಏನು ಎಂಬುದನ್ನು ಅಮಾತೆಪ್ಪನವರು ಹೇಳಲಿಲ್ಲ. ಮಾಸ್ತರರು ಕೇಳಲೂ ಇಲ್ಲ. ಅವರು ಅಮಾತೆಪ್ಪನವರ ಅಂಗೈ ನೋಡಿದರು. ರೈತರ ಮನೆತನದ ಅಂಗೈ, ಅಗಲವಾಗಿತ್ತು.

"ನಿಮಗ ಗಾಡಿ ಜ್ಞಾನ ಐತಿ" ಎಂದು ಅಮಾತೆಪ್ಪನವರು ಮುಂದುವರಿಸಿದರು. "ಈ ಗುರುತು ನೋಡಿ ಹೇಳ್ರಿ, ಎಂಥಾ ಗಾಡಿ ಇದು?"

ಮಾಸ್ತರರು ಬಾಗಿ ತಮ್ಮದೇ ಟೈರಿನ ಗುರುತನ್ನು ಪರೀಕ್ಷಿಸಿದರು. "ಟ್ರ್ಯಾಕ್ಟರ್" ಎಂದರು.

"ಟ್ರ್ಯಾಕ್ಟರ್ ಗಾಲಿ ಇಷ್ಟ ಸಣ್ಣದು ಇರತೈತೇನ್ರಿ?"

"ಸಣ್ಣ ಟ್ರ್ಯಾಕ್ಟರ್ ಇರಬೇಕ್ರಿ."

ಅಷ್ಟರಲ್ಲಿ ಚಹಾ ತಂದ ಅಮಾತೆಪ್ಪನವರ ಹೆಂಡತಿ ಗುರುಲಿಂಗವ್ವ ಕಲ್ಲಿನ ಕಡೆಗೆ ಒಮ್ಮೆ ನೋಡಿ, "ಕಾರಿಂದು ಐತದು. ಎಡಗಡಿ ಮುಂದಿನ ಗಾಲಿ" ಎಂದು ಬಟ್ಟಲು ಕೊಟ್ಟು ಒಳಗೆ ಹೋದರು. ಮಾಸ್ತರರು ಚಹಾವನ್ನು ಬಿಸಿಬಿಸಿಯಾಗಿಯೇ ನುಂಗಿದರು.

"ಕಾರು ಅಂತಽ ಇಟ್ಕೋರಿ" ಎಂದರು ಅಮಾತೆಪ್ಪನವರು. "ಕಲ್ಲಿಗೆ ಹಿಂಗ ಬಡದ ಕಾರು ಸಪ್ಪಳ ಮಾಡತೈತೇನ್ರಿ ಸರ?"

ಇಲ್ಲಿ ಬುದ್ಧಿಯಿದ್ದವನು "ಇಲ್ಲ" ಎಂದು ಎದ್ದು ಹೋಗುತ್ತಿದ್ದ. ಆದರೆ ಕೇಳಿದ್ದು ಗಾಡಿಯ ಸಪ್ಪಳದ ಬಗ್ಗೆ, ಕೇಳಿದ್ದು ಅವರನ್ನು. ಮಾಸ್ತರರಿಗೆ ತಡೆದುಕೊಳ್ಳುವುದಾಗಲಿಲ್ಲ.

"ಮಾಡ್ದ ಇರ್ತದೇನ್ರಿ? ಎಡಕ್ಕ ತಿರುಗಿದಾಗ ಟಕ್ ಟಕ್ ಅಂತದ, ಅದು ಆಕ್ಸಲ್. ತಗ್ಗಿನೊಳಗ ಇಳದಾಗ ಕಡಕ್ ಅಂತದ, ಅದು ಸಸ್ಪೆನ್ಷನ್. ನೆಟ್ಟಗ ಹೊಂಟಾಗ ಗುಂಯ್ ಅಂತದ, ಅದು ಬೇರಿಂಗ್. ಮ್ಯಾಲ ಸ್ಟೇರಿಂಗ್ ಎಡಕ್ಕ ಜಗ್ತದ."

ಅಮಾತೆಪ್ಪನವರು ಪ್ರತಿಯೊಂದಕ್ಕೂ ತಲೆದೂಗಿದರು. ಆ ಹೊತ್ತಿನಿಂದ ಅವರು ಮನೆಯ ಕುರ್ಚಿಯನ್ನು ಮೂಲೆಗೆ ತಂದಿಟ್ಟುಕೊಂಡು, ಕಿವಿಯ ಹಿಂದೆ ಅಂಗೈಯಿಟ್ಟು, ಎಡಕ್ಕೆ ತಿರುಗುವ ಕಾರುಗಳನ್ನೆಲ್ಲ ಆಲಿಸತೊಡಗಿದರು.

ಮಾಸ್ತರರ ಕಾರು ಅವರು ಹೇಳಿದ ಎಲ್ಲ ಸಪ್ಪಳಗಳನ್ನೂ ಚಾಚೂ ತಪ್ಪದೆ ಮಾಡುತ್ತಿತ್ತು. ಹೀಗಾಗಿ ಅವರು ಆ ಓಣಿಯಲ್ಲಿ ಎಡಕ್ಕೆ ತಿರುಗುವುದನ್ನೇ ಬಿಟ್ಟರು. ಮಾರ್ಕೆಟ್ಟಿಗೆ ಹೋಗಬೇಕಾದರೆ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ತಿರುಗಿ, ಅರ್ಧ ನವನಗರವನ್ನು ಪ್ರದಕ್ಷಿಣೆ ಹಾಕಿ ಹೋದರು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಸಂಪದಾ ತಿರುವುಗಳನ್ನು ಎಣಿಸುತ್ತಿದ್ದಳು.

"ಎಡಕ್ಕ ಹೊಳ್ಳಿದ್ರ ಮಾರ್ಕೆಟ್ ಅಲ್ಲೇ ಅದಲ್ರಿ" ಎಂದಳು ಕೊನೆಗೆ.

"ಅಲ್ಲಿ ಟ್ರಾಫಿಕ್ ಭಾಳ."

"ಒಂದು ಎಮ್ಮಿ ನಿಂತದ ಅಷ್ಟ."

"ಅದಽ ಅಂದೆ" ಎಂದು ಮಾಸ್ತರರು ಬಲಕ್ಕೆ ತಿರುಗಿದರು.

ಇಷ್ಟಕ್ಕೇ ನಿಂತಿದ್ದರೆ ಕಲ್ಲಿನ ಸುದ್ದಿ ತಾನಾಗಿಯೇ ತಣ್ಣಗಾಗುತ್ತಿತ್ತೇನೋ. ಆದರೆ ಮಾಸ್ತರರ ತಾಯಿ ವಿಮಲಾಬಾಯಿಯವರಿಗೆ ಅಮಾತೆಪ್ಪನವರ ಸಂಕಟ ನೋಡಲಾಗಲಿಲ್ಲ. ಕಾಂಪೌಂಡಿನ ಗೋಡೆಯ ಈಚೆಯಿಂದಲೇ ಪರಿಹಾರ ಹೇಳಿದರು.

"ಶನಿವಾರ ಓಣಿಯವರನ್ನ ಎಲ್ಲಾ ತುಳಸಿಗೇರಿಗೆ ಕರ್ಕೊಂಡು ಹೋಗ್ರಿ, ಅಮಾತೆಪ್ಪನವರ. ಹನುಮಪ್ಪನ ಮುಂದ ನಿಂತು ಸುಳ್ಳು ಆಣಿ ಮಾಡೂ ಧೈರ್ಯ ಯಾರಿಗೂ ಇಲ್ಲ."

"ನಾವು ಬಸವಣ್ಣನವರ ಮಂದಿ ಅವ್ವಾರ, ಆಣಿ ಪ್ರಮಾಣ ನಾವು ಒಪ್ಪಂಗಿಲ್ಲ" ಎಂದರು ಅಮಾತೆಪ್ಪನವರು. ಸ್ವಲ್ಪ ವಿಚಾರ ಮಾಡಿ, "ಆದರ ಬಡದಾಂವ ಒಪ್ಪಾಂವ ಇದ್ರ ಸಾಕಲ್ರಿ" ಎಂದೂ ಸೇರಿಸಿದರು.

"ಮೊದಲ ನಮ್ಮ ಸತ್ಯಾನಽ ಮಾಡ್ತಾನ ಬಿಡ್ರಿ" ಎಂದರು ವಿಮಲಾಬಾಯಿ. "ಅವನ್ನ ನೋಡಿ ಉಳಿದವ್ರಿಗೆ ಧೈರ್ಯ ಬರ್ತದ."

ಒಳಗೆ ಪೇಪರು ಓದುತ್ತಿದ್ದ ಮಾಸ್ತರರು ಪೇಪರನ್ನು ಮಡಿಸಿಟ್ಟರು. ಅವರು ಹೆಂಡತಿಗೆ ಸುಳ್ಳು ಹೇಳಬಲ್ಲವರಾಗಿದ್ದರು, ಹೆಡ್ ಮಾಸ್ತರರಿಗೂ ಹೇಳಬಲ್ಲವರಾಗಿದ್ದರು. ತುಳಸಿಗೇರಿ ಹನುಮಪ್ಪನಿಗೆ ಹೇಳುವುದು ಸಾಧ್ಯವಿರಲಿಲ್ಲ. ಕೂಸಿದ್ದಾಗ ಅವರ ತಲೆ ಬೋಳಿಸಿ ಜವಳ ಮಾಡಿದ್ದು ಅಲ್ಲಿ. ಮೆಟ್ರಿಕ್ಕಿನಿಂದ ಹಿಡಿದು ಮದುವೆಯವರೆಗೆ ಬೇಡಿಕೊಂಡದ್ದೆಲ್ಲ ಅಲ್ಲಿ. ಹಾಗೆ ನೋಡಿದರೆ ಹನುಮಪ್ಪನಿಗೆ ಈಗಾಗಲೇ ಎಲ್ಲ ಗೊತ್ತಾಗಿರಬೇಕು, ಬರುವ ದಾರಿಯನ್ನೇ ಕಾಯುತ್ತಿರಬೇಕು ಎಂದು ಅವರಿಗೆ ಅನಿಸಿತು.

ಉಪಾಯವೊಂದೇ. ಶನಿವಾರಕ್ಕೆ ಮೊದಲು ಕಾರು ರಿಪೇರಿ ಮಾಡಿಸಿ ಸಪ್ಪಳವನ್ನು ಅಡಗಿಸುವುದು, ಶನಿವಾರ ಜ್ವರ ಬಂದು ಮಲಗುವುದು. ಬಾಗಲಕೋಟೆಯ ಗ್ಯಾರೇಜಿಗೆ ಹೋದರೆ ಕಾರು ಮನೆಗೆ ಬರುವ ಮೊದಲೇ ಸುದ್ದಿ ಮನೆಗೆ ಬಂದಿರುತ್ತದೆ. ದೂರದ ಊರು ಬೇಕು. ಸಂಪದಾಳ ತಮ್ಮ ಜಯಂತ ಇಳಕಲ್ಲಿನಲ್ಲಿದ್ದ. ಅಲ್ಲಿಯ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮ್ಯಾನೇಜರ್. ಮಾಸ್ತರರು ಶುಕ್ರವಾರ ರಜೆ ಹಾಕಿ, "ನಡಿ, ಇಳಕಲ್ಲಿಗೆ ಹೋಗಿ ನಿನಗೊಂದು ಸೀರಿ ತರೋಣು" ಎಂದರು.

ಮದುವೆಯಾದಾಗಿನಿಂದ ಗಂಡ ತಾನಾಗಿ ಸೀರೆಯ ಮಾತೆತ್ತಿದ್ದು ಇದೇ ಮೊದಲು. ಸಂಪದಾ ಅವರ ಹಣೆ ಮುಟ್ಟಿ ನೋಡಿದಳು. ಜ್ವರ ಶನಿವಾರಕ್ಕೆ ನಿಗದಿಯಾಗಿದ್ದರಿಂದ ಹಣೆ ತಣ್ಣಗಿತ್ತು. ಸೀರೆ ಎಂದ ಮೇಲೆ ವಿಮಲಾಬಾಯಿಯವರೂ ಹೊರಟರು. ಗೇಟಿನ ಹತ್ತಿರ ಅಮಾತೆಪ್ಪನವರು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು.

"ಇಳಕಲ್ಲಿಗೆ ಹೊಂಟೀರಂತಲ್ರಿ ಸರ. ನಾನೂ ಬರ್ತೇನಿ. ಒಡದ ಕಲ್ಲಿಗೆ ಜೋಡಿ ಕಲ್ಲು ಸಿಗತೈತೇನು ನೋಡ್ಕೊಂಡು ಬರೂದೈತಿ" ಎಂದು ಕರವಸ್ತ್ರದಲ್ಲಿ ಕಟ್ಟಿದ ಚೂರನ್ನು ತೋರಿಸಿದರು. ಮಾಸ್ತರರು ಮುಂದಿನ ಬಾಗಿಲು ತೆರೆದುಕೊಟ್ಟರು. ಇನ್ನೇನು ಮಾಡುವುದು?

ದಾರಿಯುದ್ದಕ್ಕೂ ಮಾಸ್ತರರು ದಾಸರ ಪದಗಳನ್ನು ಕಾರು ತಡೆದುಕೊಳ್ಳಬಹುದಾದಷ್ಟು ಜೋರಾಗಿ ಹಚ್ಚಿದ್ದರು. ರಸ್ತೆ ಎಡಕ್ಕೆ ತಿರುಗಿದಲ್ಲೆಲ್ಲ ತಾವೂ ದನಿಗೂಡಿಸುತ್ತಿದ್ದರು. ಮಗನಿಗೆ ಬಂದ ಈ ಭಕ್ತಿಯನ್ನು ಕಂಡು ವಿಮಲಾಬಾಯಿಯವರಿಗೆ ಕಣ್ಣು ತುಂಬಿ ಬಂತು. ಅಮೀನಗಡದಲ್ಲಿ ನಿಲ್ಲಿಸಿ ಕರದಂಟು ಕೊಂಡರು. ಮಾಸ್ತರರು ಎಲ್ಲರ ಬಾಯಿಗೂ ದೊಡ್ಡ ದೊಡ್ಡ ತುಂಡು ಕೊಟ್ಟರು. ಕರದಂಟು ಅಗಿಯುವವರಿಗೆ ಹೊರಗಿನ ಸಪ್ಪಳ ಕಡಿಮೆ ಕೇಳುತ್ತದೆ ಎಂಬುದು ಅವರ ಲೆಕ್ಕ. ಹುನಗುಂದ ದಾಟುವವರೆಗೆ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಅಮಾತೆಪ್ಪನವರು ಬಾಯಲ್ಲಿದ್ದುದನ್ನು ನುಂಗಿ ತಲೆ ವಾರೆ ಮಾಡಿದರು.

"ಸರ, ಹಾಡು ಛಲೋ ಐತ್ರಿ. ಆದರ ತಾಳ ಬ್ಯಾರೆ ಕಡೆಯಿಂದ ಬರಾಕತ್ತೈತಲ್ಲ?"

"ಹೊಸಾ ನಮೂನಿ ರೆಕಾರ್ಡಿಂಗ್ ಅದ್ರಿ."

"ತಾಳ ಎಡಕ್ಕ ತಿರುಗಿದಾಗ ಅಷ್ಟ ಬರತೈತ್ರಿ."

ಮಾಸ್ತರರು ಮುಂದಿನ ಪದವನ್ನು ಇನ್ನೂ ಎತ್ತರದ ದನಿಯಲ್ಲಿ ಎತ್ತಿಕೊಂಡರು.

ಇಳಕಲ್ಲಿನಲ್ಲಿ ಹೆಂಗಸರನ್ನು ಸೀರೆ ಅಂಗಡಿಯಲ್ಲಿ ಇಳಿಸಿ, ಅಮಾತೆಪ್ಪನವರನ್ನು ಕಲ್ಲಿನ ಅಂಗಡಿಗಳ ಹತ್ತಿರ ಇಳಿಸಲು ನೋಡಿದರೆ ಅವರು ಇಳಿಯಲಿಲ್ಲ. "ನಿಮ್ಮ ಮೈದುನನ್ನಽ ಕೇಳೋಣು ತಡೀರಿ, ಅವರು ಕಲ್ಲಿನಾಗಽ ಇರಾವ್ರು" ಎಂದರು. ಜಯಂತ ಬಸ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದ. ಮಾಸ್ತರರು ಫೋನಿನಲ್ಲಿ ಪಿಸುಮಾತಿನಲ್ಲಿ ಹೇಳಿದ್ದನ್ನು ಅವನು ಎಲ್ಲರಿಗೂ ಕೇಳುವಂತೆ ಹೇಳಿದ.

"ಬರ್ರಿ ಭಾವಾ. ಗ್ಯಾರೇಜಿನ ಖಾದರಬಾಷಾಗ ಹೇಳಿಟ್ಟೇನಿ. ಗಾಡಿ ಸಪ್ಪಳ ಮಾಡ್ಲಿಕ್ಕತ್ತದ ಅಂದಿದ್ರಲ್ಲ?"

ಅಮಾತೆಪ್ಪನವರು ಮಾಸ್ತರರ ಕಡೆಗೆ ನೋಡಿದರು. ಮಾಸ್ತರರು ರಸ್ತೆಯ ಕಡೆಗೆ ನೋಡಿದರು. ಅವರು ರಸ್ತೆಯ ಕಡೆಗೆ ಅಷ್ಟು ಗಮನವಿಟ್ಟು ನೋಡಿದ್ದು ಆ ವಾರದಲ್ಲಿ ಅದೇ ಮೊದಲು.

ಖಾದರಬಾಷಾನಿಗೂ ಕಿವಿಯ ಗರ್ವ. ತನ್ನ ಗ್ಯಾರೇಜಿನಲ್ಲಿ ಇನ್ನೊಬ್ಬರ ಕಿವಿಗೆ ಕಿಮ್ಮತ್ತಿಲ್ಲ ಎಂಬುದನ್ನು ಮೊದಲೇ ತಿಳಿಸಿದ. ಕಾರನ್ನು ತಾನೇ ಒಂದು ಸುತ್ತು ಹೊಡೆದು ಬಂದು, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿದ.

"ಆಕ್ಸಲ್ ಇರಬೇಕ್ರಿ" ಎಂದರು ಮಾಸ್ತರರು.

"ಸುಮ್ನಿರ್ರಿ ಸಾಬ."

"ಇಲ್ಲಾ ಬೇರಿಂಗ್."

"ನೀವು ಮಾತಾಡಿದ್ರ ನಿಮ್ಮ ಸಪ್ಪಳ ಅಷ್ಟ ಕೇಳತೈತ್ರಿ ನನಗ."

ಅವನು ಮೊದಲು ಇಂಜಿನ್ನು ಕೆಟ್ಟಿದೆ ಎಂದ. ಆಮೇಲೆ ಬ್ರೇಕು ಎಂದ. ಎರಡೂ ಅಲ್ಲವೆಂದಾದ ಮೇಲೆ, ಈ ಮಾತು ತಾನು ಆಡೇ ಇಲ್ಲವೇನೋ ಎಂಬಂತೆ ಮುಂದಿನ ಎಡಗಡೆ ಜಾಕು ಹಚ್ಚಿ ಗಾಲಿ ಎತ್ತಿದ. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ. ಬೇರಿಂಗ್ ಗಟ್ಟಿ ಇತ್ತು. ಕೈಯಿಂದ ತಿರುಗಿಸಿ ನೋಡಿದ. ಆಕ್ಸಲ್ಲೂ ಗಟ್ಟಿ ಇತ್ತು. ಆಮೇಲೆ ಕೆಳಗೆ ನುಗ್ಗಿ ಅಲ್ಲಿಂದಲೇ ವರದಿ ಒಪ್ಪಿಸಿದ.

"ಗಾಲಿ ಹಿಡಿಯೂ ಕೆಳಗಿನ ಆರ್ಮ್ ಬಗ್ಗೈತ್ರಿ. ಹಂಗಾಗಿ ಗಾಲಿ ಹಿಂದ ಸರದೈತಿ, ತಿರುಗಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಬಡಕೊಂಡು ಟಕ್ ಟಕ್ ಅಂತೈತಿ. ಲಿಂಕ್ ರಾಡೂ ಸಡ್ಲ ಆಗೈತಿ, ಕಡಕ್ ಅನ್ನೂದು ಅದು. ಎಲ್ಲಿ ಬಡದೀರಿ?"

ಅಮಾತೆಪ್ಪನವರು ಒಂದು ಹೆಜ್ಜೆ ಹತ್ತಿರ ಬಂದರು. ಜಯಂತ ಭಾವನ ಮುಖ ನೋಡಿದ. ಮಾಸ್ತರರ ಮನಸ್ಸಿನಲ್ಲಿ ಆ ಹೊತ್ತಿಗೆ ಸುಳಿದದ್ದು ಮಾರ್ಕೆಟ್ಟಿನ ರಸ್ತೆಯಲ್ಲಿ ನಿಂತಿದ್ದ ಪ್ರಾಣಿಯೊಂದೇ.

"ಎಮ್ಮಿ" ಎಂದರು.

"ಎಮ್ಮಿಗೆ ಬಡದ್ರೇನ್ರಿ?"

"ನಾ ಬಡೀಲಿಲ್ಲ. ಎಮ್ಮಿನಽ ಬಂದು ಬಡೀತು."

"ಎಮ್ಮಿ ಕೆಳಗಿಂದ ಬಂದು ಬಡೀತೇನ್ರಿ?" ಎಂದ ಖಾದರಬಾಷಾ ಕಾರಿನಡಿಯಿಂದ.

"ಮಲಗಿತ್ತು ಅದು."

ಅಮಾತೆಪ್ಪನವರ ಮುಖ ಒಮ್ಮೆಲೇ ಬಾಡಿತು. ಬೈಯುತ್ತಾರೆ, ಕೈ ಎತ್ತುತ್ತಾರೆ ಎಂದು ಕಾಯುತ್ತಿದ್ದ ಮಾಸ್ತರರಿಗೆ ಇದು ತಿಳಿಯಲಿಲ್ಲ. ಅಮಾತೆಪ್ಪನವರು ಹಳೆಯ ಟೈರೊಂದರ ಮೇಲೆ ಕೂತು, "ಎಮ್ಮಿನಽ ಆತೇನ್ರಿ" ಎಂದು ಮೆಲ್ಲಗೆ ಅಂದರು. "ನಾ ಏನೋ ಅನ್ಕೊಂಡಿದ್ದೆ."

ಖಾದರಬಾಷಾ ಗಾಲಿಯನ್ನು ಬಿಚ್ಚಿ ನೆಲಕ್ಕೆ ಉರುಳಿಸಿದ. ರಿಮ್ಮಿನ ಅಂಚು ನಜ್ಜಾಗಿತ್ತು, ನಜ್ಜಿನ ಸಂದಿಯಲ್ಲಿ ಕೆಂಪು ಪುಡಿ ಮೆತ್ತಿಕೊಂಡಿತ್ತು. ಬೇರೆ ಊರಿನಲ್ಲಾಗಿದ್ದರೆ ಅದನ್ನು ಮಣ್ಣು ಎಂದು ಬಿಟ್ಟುಬಿಡುತ್ತಿದ್ದರು. ಮಾಸ್ತರರು ನಾಡಿನ ಊರುಗಳನ್ನೆಲ್ಲ ಬಿಟ್ಟು, ಕಲ್ಲು ಕಡಿದು ಕಲ್ಲು ತಿಕ್ಕಿ ಕಲ್ಲಿನ ಧೂಳನ್ನೇ ಉಸಿರಾಡುವ ಊರಿಗೆ ಆ ಗಾಲಿಯನ್ನು ಹೊತ್ತು ತಂದಿದ್ದರು. ಜಯಂತ ಬಾಗಿ, ಬೆರಳಿನಿಂದ ಆ ಪುಡಿಯನ್ನು ತೆಗೆದು ಬಿಸಿಲಿಗೆ ಹಿಡಿದ.

"ಎಮ್ಮಿ ಅಲ್ಲ ಬಿಡ್ರಿ ಭಾವಾ. ಇದು ನಮ್ಮ ಇಳಕಲ್ಲಿನ ಕೆಂಪು ಕಲ್ಲು. ದಿನಾ ನೋಡ್ತೇನಿ ನಾ ಇದನ್ನ."

ಅಮಾತೆಪ್ಪನವರು ಟೈರಿನ ಮೇಲಿಂದ ಎದ್ದು, ಕರವಸ್ತ್ರ ಬಿಚ್ಚಿ ಚೂರನ್ನು ಜಯಂತನ ಕೈಗಿಟ್ಟರು. ಜಯಂತ ಪುಡಿಯನ್ನೂ ಚೂರನ್ನೂ ನೋಡಿ, "ಇದಽ ಅದು" ಎಂದ.

ಮಾಸ್ತರರಿಗೆ ನಾಳೆ ಹನುಮಪ್ಪನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಇಂದು ಖಾದರಬಾಷಾನ ಮುಂದೆ ಒಪ್ಪಿಕೊಳ್ಳುವುದು ಲೇಸು ಎನಿಸಿತು.

"ನಾನಽ ಅಮಾತೆಪ್ಪನವರ" ಎಂದರು. "ಬುಧವಾರ ಸಂಜೀಗೆ. ಯಾವಂದೋ ಬೈಕಿನ ಸಪ್ಪಳ ಕೇಳಲಿಕ್ಕೆ ಹೋಗಿ ಹತ್ತಿಸಿದೆ. ನಿಮ್ಮ ಮುಂದ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಎಷ್ಟ ಕಷ್ಟಪಟ್ಟು ಹಾಕಿಸಿದ ಕಲ್ಲದು, ನನಗ ಗೊತ್ತದ. ನೀವು ಚಹಾಕ್ಕ ಕರೀಲಿಲ್ಲ ಅಂದ್ರೂ ನಡೀತದ, ಬೈದುಬಿಡ್ರಿ ಒಂದ್ ಸಲ."

ಅಮಾತೆಪ್ಪನವರು ಮುಂದೆ ಬಂದರು. ಮಾಸ್ತರರು ಕಣ್ಣು ಮುಚ್ಚಿದರು. ಆ ಅಗಲ ಅಂಗೈಗಳೆರಡೂ ಬಂದು ಮಾಸ್ತರರ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡವು.

"ಸಿಕ್ಕಿರಲ್ರಿ ಸರ" ಎಂದರು. "ನೀವಽ ಸಿಕ್ಕಿರಲ್ಲ. ನಾ ಎಲ್ಲೆಲ್ಲಿ ಹುಡುಕಿದೆ."

ಆಮೇಲೆ ಟೈರಿನ ಮೇಲೆ ಮಾಸ್ತರರನ್ನೂ ಕೂಡಿಸಿಕೊಂಡು 'ನನ್ನ ಕೈಯಾಗ ಸಿಗಲಿ' ಎಂಬ ಮಾತಿನ ಉಳಿದರ್ಧವನ್ನು ಹೇಳಿದರು. ತಿರುವನ್ನು ಅಗಲ ಮಾಡಬೇಕೆಂದು ಬರುವ ಸೋಮವಾರ ಆ ಕಲ್ಲುಗಳನ್ನು ಕೀಳಲು ಬರುವವರಿದ್ದರು. ಅಮಾತೆಪ್ಪನವರು ರಸ್ತೆ ಕೆಲಸದ ಕಚೇರಿಗೆ ಹೋಗಿ, ಆ ಬೆಂಚಿನ ಮೇಲೆ ವಯಸ್ಸಾದವರು ಕೂಡುತ್ತಾರೆ, ಕಲ್ಲು ಇಲ್ಲದಿದ್ದರೆ ಗಾಡಿ ಬೆಂಚಿಗೇ ಬರುತ್ತದೆ ಎಂದು ಬೇಡಿಕೊಂಡಿದ್ದರು. ಕಚೇರಿಯ ಹೊಸ ಇಂಜಿನಿಯರ್ ನಕ್ಕಿದ್ದನಂತೆ.

"ಅಂವಾ ಏನಂದ ಗೊತ್ತೇನ್ರಿ? ಅಷ್ಟ ಅಗಲ ರಸ್ತೆ ಬಿಟ್ಟು ಆ ಮೂಲಿ ಹತ್ತೂ ಅಂಥಾ ಡ್ರೈವರ್ ಇಡೀ ಬಾಗಲಕೋಟಿಯೊಳಗ ಒಬ್ಬ ಇದ್ರೂ ಕರ್ಕೊಂಡು ಬರ್ರಿ, ಕಲ್ಲು ಮುಟ್ಟಂಗಿಲ್ಲ ಅಂದ. ಎಲ್ಲಿಂದ ತರ್ಲಿ ಅಂತ ನಾ ತಲಿ ಮ್ಯಾಲ ಕೈ ಹೊತ್ತು ಕುಂತಿದ್ದೆ. ಮರುದಿನಾನಽ ಕಲ್ಲಿನ ಮ್ಯಾಲ ಗುರುತು ಬಿತ್ತು ನೋಡ್ರಿ."

"ನನಗರೆ ಹೇಳಬಾರದಿತ್ತೇನ್ರಿ?"

"ಹೆಂಗ ಹೇಳ್ಲಿ? ಅಷ್ಟ ತಿರುಗಾಡಿ ಹಾಕಿಸಿದ ಕಲ್ಲು ಕೀಳಾಕ ಬರಾಕತ್ತಾರ ಅಂದ್ರ ಮಂದಿ ನಗಂಗಿಲ್ಲೇನ್ರಿ? ನನಗೂ ನಾಚಿಕಿ ಇರತೈತಲ್ಲ."

ಹೊಸ ಆರ್ಮ್ ಹುಬ್ಬಳ್ಳಿಯಿಂದ ಬರಬೇಕಿತ್ತು. ಅಲ್ಲಿಯವರೆಗೆ ಅವಸರ ಮಾಡದೆ ಓಡಿಸಿದರೆ ಅಡ್ಡಿಯಿಲ್ಲ ಎಂದು ಖಾದರಬಾಷಾ ಗಾಲಿ ಹಾಕಿಕೊಟ್ಟ. ವಾಪಸು ಬರುವಾಗ ಮಾಸ್ತರರು ಹಾಡು ಹಚ್ಚಲಿಲ್ಲ. ಹಚ್ಚಲು ಹೋದರೆ ಅಮಾತೆಪ್ಪನವರು ಬೇಡವೆಂದರು. ಪ್ರತಿ ಎಡ ತಿರುವಿನಲ್ಲೂ ಆ ಟಕ್ ಟಕ್ ಕೇಳಿ, "ಆಹಾ" ಎಂದು ಸೀಟಿಗೆ ಒರಗುತ್ತಿದ್ದರು. ಹಿಂದೆ ಸಂಪದಾ ತೊಡೆಯ ಮೇಲೆ ಹೊಸ ಸೀರೆಯಿಟ್ಟುಕೊಂಡು, ಗಂಡ ಕಲ್ಲಿಗೆ ಕಾರು ಹತ್ತಿಸಿದ್ದಕ್ಕೆ ಬೈಯುವುದೋ, ಅದರಿಂದಾಗಿ ಸೀರೆ ಬಂದದ್ದಕ್ಕೆ ಸುಮ್ಮನಿರುವುದೋ ಎಂದು ತೂಗಿ ನೋಡಿ ಸುಮ್ಮನಿದ್ದಳು. ಶನಿವಾರ ತುಳಸಿಗೇರಿಗೆ ಹೋದದ್ದು ಮನೆಯವರಷ್ಟೇ. ಮಾಸ್ತರರು ಹನುಮಪ್ಪನ ಮುಂದೆ ತಲೆ ಎತ್ತಿಯೇ ನಿಂತರು.

ಸೋಮವಾರ ಮುಂಜಾನೆ ಹಾರೆ ಗುದ್ದಲಿ ಹಿಡಿದ ಆಳುಗಳೊಂದಿಗೆ ಇಂಜಿನಿಯರ್ ಬಂದ. ಇಡೀ ಓಣಿ ಬೇವಿನ ಮರದ ಕೆಳಗೆ ನೆರೆದಿತ್ತು. ಗುರುಲಿಂಗವ್ವ ಬಂದವರಿಗೆಲ್ಲ ಚಹಾ ಮಾಡಿದ್ದರು. ಅಮಾತೆಪ್ಪನವರು ಮಾಸ್ತರರ ರಟ್ಟೆ ಹಿಡಿದು ಮುಂದೆ ತಂದು ನಿಲ್ಲಿಸಿದರು.

"ಕರ್ಕೊಂಡು ಬರ್ರಿ ಅಂದಿದ್ರಲ್ರಿ ಸಾಹೇಬ್ರ? ತಂದೇನಿ."

ಇಂಜಿನಿಯರ್ ನೋಡಿದ. ನೋಡಿ ಕೂಡಲೇ ತಲೆಯ ಮೇಲಿನ ಹೆಲ್ಮೆಟ್ ತೆಗೆದ.

"ಸರ, ನೀವೇನ್ರಿ? ನಾ ಪ್ರವೀಣಕುಮಾರ್ರಿ. ನಿಮ್ಮ ಕೈಯಾಗ ಇತಿಹಾಸ ಕಲತೇನಿ."

ಮಾಸ್ತರರು ಇಡೀ ಓಣಿಯ ಎದುರು, "ಪ್ರವೀಣ, ಈ ಕಲ್ಲಿಗೆ ಕಾರು ಹತ್ತಿಸಿದಾಂವ ನಾನಽ" ಎಂದರು. ಈ ಒಂದು ವಾಕ್ಯಕ್ಕಾಗಿ ಅವರು ರಾತ್ರಿಯೆಲ್ಲ ಧೈರ್ಯ ಕೂಡಿಹಾಕಿದ್ದರು.

ಪ್ರವೀಣಕುಮಾರ ನಂಬಲಿಲ್ಲ.

"ಇಲ್ಲ ಬಿಡ್ರಿ ಸರ. ನೀವು ಹಂಗ ಮಾಡಾವ್ರಲ್ಲ. ಕ್ಲಾಸಿನ್ಯಾಗ ಕರಿ ಫಳ್ಯಾದ ಮ್ಯಾಲ ಚಾಕ್‌ಪೀಸಿನಿಂದ ಒಂದ್ ಗೆರಿ ಸೊಟ್ಟ ಹೊಡೀತಿರ್ಲಿಲ್ಲ ನೀವು. ನೆರಮನಿಯವ್ರು ಅಂತ ಅವ್ರ ಕಲ್ಲು ಉಳಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಅದು ನಿಮ್ಮ ದೊಡ್ಡ ಗುಣ."

"ಗುಣ ಅಲ್ಲೋ, ಖರೇನಽ ಬಡದೇನಿ. ಸಪ್ಪಳ ಕೇಳಸ್ಲೇನು?"

"ಸಪ್ಪಳ ಎಲ್ಲಾ ಗಾಡೀನೂ ಮಾಡತಾವ್ರಿ ಸರ" ಎಂದು ಪ್ರವೀಣಕುಮಾರ ಆಳುಗಳಿಗೆ ಸನ್ನೆ ಮಾಡಿದ. ಮೊದಲನೆಯ ಹಾರೆ ಕಲ್ಲಿನ ಬುಡಕ್ಕೆ ಹೋಯಿತು.

ಅಮಾತೆಪ್ಪನವರ ಮುಖ ನೋಡಿ ಮಾಸ್ತರರಿಗೆ ತಡೆಯಲಾಗಲಿಲ್ಲ. ಎರಡು ದಿನ ಮುಚ್ಚಿಡಲು ಪಟ್ಟ ಪಾಡಿಗಿಂತ ಈಗ ನಂಬಿಸುವ ಪಾಡು ಹೆಚ್ಚಿನದಾಗಿತ್ತು. "ತಡೀರಿ" ಎಂದು ಆಳುಗಳನ್ನು ನಿಲ್ಲಿಸಿ, ಹೋಗಿ ಕಾರು ಹತ್ತಿದರು. "ಈಗ ಮಾಡಿ ತೋರಸ್ತೇನಿ. ಎಲ್ಲಾರೂ ಮರದ ಹಿಂದ ಸರೀರಿ."

ಎಲ್ಲರೂ ಸರಿದರು. ಪ್ರವೀಣಕುಮಾರ ಮಾತ್ರ ತನ್ನ ಗುರುಗಳ ಮೇಲಿನ ಭರವಸೆಯಿಂದ ಕಲ್ಲಿನ ಹಿಂದೆಯೇ ನಿಂತ. ಮಾಸ್ತರರು ಓಣಿಯ ತುದಿಗೆ ಹೋಗಿ, ತಿರುಗಿಸಿಕೊಂಡು, ನಡೆಯುವವರ ವೇಗದಲ್ಲಿ ಮೂಲೆಯ ಕಡೆಗೆ ಬಂದರು. ಕಾರು ಕಲ್ಲನ್ನು ಮುಟ್ಟದೆ, ಡ್ರೈವಿಂಗ್ ಸ್ಕೂಲಿನಲ್ಲಿ ತೋರಿಸಲು ಯೋಗ್ಯವಾಗುವಂತೆ ದುಂಡಗೆ ತಿರುಗಿ ಹೋಯಿತು. ಮತ್ತೊಮ್ಮೆ ಬಂದರು. ಮತ್ತೂ ದುಂಡಗೆ ಹೋಯಿತು. ಮೂರನೆಯ ಸಲ ಕಲ್ಲನ್ನೇ ದಿಟ್ಟಿಸುತ್ತ, ಹಲ್ಲು ಕಚ್ಚಿ ಬಂದರೂ ಕಾರು ಕಲ್ಲಿಗೆ ತಾಗಲಿಲ್ಲ. ಕಣ್ಣಿಟ್ಟು ಓಡಿಸಿದರೆ ಹೀಗೂ ಆಗುತ್ತದೆ ಎಂದು ಅವರಿಗೆ ಅಂದೇ ತಿಳಿದದ್ದು.

"ಬ್ಯಾಡ ಅಂದ ದಿವಸ ಹತ್ತಸ್ತೀರಿ, ಹತ್ತಸ್ರಿ ಅಂದ ದಿವಸ ಆಗವಲ್ದು" ಎಂದಳು ಸಂಪದಾ ಮರದ ಹಿಂದಿನಿಂದ.

"ನಾ ಅಂದಿದ್ನಲ್ರಿ" ಎಂದ ಪ್ರವೀಣಕುಮಾರ ಅಮಾತೆಪ್ಪನವರಿಗೆ. ಅಮಾತೆಪ್ಪನವರು ತಲೆ ತಗ್ಗಿಸಿದರು. ಕಾರು ಮತ್ತೆ ಬರುತ್ತಿತ್ತು, ಈ ಸಲವೂ ಸರಿಯಾಗಿಯೇ. ಹಳೆಯ ಗುರುಗಳನ್ನು ಓಣಿಯ ಮುಂದೆ ಇನ್ನಷ್ಟು ದಣಿಸಬಾರದೆಂದು ಪ್ರವೀಣಕುಮಾರ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, "ಸಾಕ್ರಿ ಸರ, ನಮಸ್ಕಾರ" ಎಂದ.

ವಿದ್ಯಾರ್ಥಿಯೊಬ್ಬ ಅಷ್ಟು ಭಕ್ತಿಯಿಂದ ಎರಡು ಕೈಯಿಂದ ಮಾಡಿದ ನಮಸ್ಕಾರಕ್ಕೆ ಒಂದು ಕೈ ಎತ್ತಿ ಹೋಗುವ ಜಾಯಮಾನ ಮಾಸ್ತರರದಲ್ಲ. ಅವರು ಸ್ಟೇರಿಂಗನ್ನು ಬಿಟ್ಟು ಎರಡೂ ಕೈ ಜೋಡಿಸಿದರು.

ಧಡಕ್.

ಕಾರು ಕಲ್ಲಿಗೆ ಬಡಿದು, ಹತ್ತಲು ನೋಡಿ, ಹತ್ತಲಾರದೆ ನಿಂತುಬಿಟ್ಟಿತು. ಗಾಲಿಗೂ ಇಂಜಿನಿಯರ್ ಸಾಹೇಬನ ಬೂಟಿಗೂ ನಡುವೆ ಇದ್ದದ್ದು ಅಮಾತೆಪ್ಪನವರ ಕಲ್ಲು ಅಷ್ಟೇ. ಓಣಿಯವರು ಚಪ್ಪಾಳೆ ತಟ್ಟಿದರು. ಅಮಾತೆಪ್ಪನವರು ಟವೆಲಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ ಕಪ್ಪ ಚಹಾ ತಾ, ಸರಗ" ಎಂದು ಹೆಂಡತಿಗೆ ಹೇಳಿದರು.

ಪ್ರವೀಣಕುಮಾರ ಬಹಳ ಹೊತ್ತು ತನ್ನ ಬೂಟನ್ನು ನೋಡಿದ. ಆಮೇಲೆ ಕಾರಿನೊಳಗೆ ಇನ್ನೂ ಕೈ ಮುಗಿದುಕೊಂಡೇ ಕುಳಿತಿದ್ದ ಗುರುಗಳನ್ನು ನೋಡಿದ. ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡು, ಆಳುಗಳ ಕಡೆಗೆ ತಿರುಗಿ ಹೇಳಿದ:

"ಹಾರಿ ತಗೀರಿ. ನಮ್ಮ ಸರ ಈ ಓಣಿಯೊಳಗ ಇರೂತನಕ ಈ ಕಲ್ಲು ಯಾರೂ ಮುಟ್ಟಬ್ಯಾಡ್ರಿ."